ಬಿಲ್ಲಿಂಗ್ ಪ್ರೋಗ್ರಾಂ ಬರೆದ ಹುಡುಗ ಊರು ಬಿಟ್ಟರೆ? ಗಿಟ್, ಟೆಸ್ಟ್, ತಾನಾಗಿ ನಡೆಯುವ ತಪಾಸಣೆ: ಅಂಗಡಿಯವರಿಗೂ ಕೋಡ್ ಬರೆಯುವವರಿಗೂ ಪೂರ್ತಿ ಮಾಹಿತಿ

ವಿಜಯಪುರ: ಅಥಣಿ ರಸ್ತೆ ಹಿಡಿದು ತೊರವಿ ದಾಟಿ ತಿಕೋಟಾ ಕಡೆ ಹೋದರೆ ಡ್ರಿಪ್ ಸಾಮಾನು, ಸಿಮೆಂಟ್, ಗೊಬ್ಬರ-ಔಷಧ, ಒಣದ್ರಾಕ್ಷಿ ವ್ಯಾಪಾರ ಎಲ್ಲವೂ ಸಿಗುತ್ತವೆ. ದೊಡ್ಡವರ ಹತ್ತಿರ ಟ್ಯಾಲಿ ಇರುತ್ತದೆ. ಸಣ್ಣ ಅಂಗಡಿಯಲ್ಲಿ ಬಿಲ್ ಹೊಡೆಯುವ ಪ್ರೋಗ್ರಾಂ ಅನೇಕ ಸಲ ಅಕ್ಕನ ಮಗನೋ, ಬಿಸಿಎ ಓದುವ ಪಕ್ಕದ ಮನೆ ಹುಡುಗಿಯೋ ಬರೆದುಕೊಟ್ಟದ್ದು. ಬರೆದವರು ಓದು ಮುಗಿಸಿ ಬೆಂಗಳೂರಿಗೋ ಪುಣೆಗೋ ಹೋಗುತ್ತಾರೆ. ಪ್ರೋಗ್ರಾಂ ಮಾತ್ರ ಗಲ್ಲಾದ ಪಕ್ಕದ ಕಂಪ್ಯೂಟರಿನಲ್ಲೇ ಉಳಿಯುತ್ತದೆ.

ಸಮಸ್ಯೆ ಶುರುವಾಗುವುದು ಸರ್ಕಾರ ದರ ಬದಲಿಸಿದ ದಿನ. 2025ರ ಸೆಪ್ಟೆಂಬರ್ 3ರಂದು ಸೇರಿದ ಜಿಎಸ್‌ಟಿ ಮಂಡಳಿಯ 56ನೇ ಸಭೆ 12 ಮತ್ತು 28 ಪರ್ಸೆಂಟಿನ ಹಂತಗಳನ್ನು ಬಹುಪಾಲು ತೆಗೆಯಿತು. ಹೊಸ ದರ ಜಾರಿಗೆ ಬಂದದ್ದು ಸೆಪ್ಟೆಂಬರ್ 22ರಂದು. ಡ್ರಿಪ್ ನೀರಾವರಿ ಸೆಟ್ 12ರಿಂದ 5ಕ್ಕೆ ಇಳಿಯಿತು, ಸಿಮೆಂಟ್ 28ರಿಂದ 18ಕ್ಕೆ. ಪಿವಿಸಿ ಪೈಪ್ ಇದ್ದಲ್ಲೇ ಇತ್ತು, 18. ಅಂದರೆ ಒಂದೇ ಅಂಗಡಿಯ ಮೂರು ಸಾಮಾನಿಗೆ ಮೂರು ಥರದ ಲೆಕ್ಕ, ಅದೂ ಒಂದೇ ರಾತ್ರಿಯಲ್ಲಿ.

ಇಂಥ ದಿನ ಫೋನಿನಲ್ಲಿ ನಡೆಯುವ ಮಾತು ಎಲ್ಲರಿಗೂ ಗೊತ್ತಿರುವಂಥದ್ದೇ. “ತಮ್ಮಾ, ನಿನ್ನಿ ತನಕ ಛಲೋ ಇತ್ತಲ್ಲೋ, ಇವತ್ತ್ ಏನಾತು?” ಅಂತ ಅಂಗಡಿಯವರು. “ಅಣ್ಣಾರ, ನಾ ಬರೇ ಒಂದ್ ನಂಬರ್ ಬದಲಿ ಮಾಡೀನ್ರೀ” ಅಂತ ಆ ಕಡೆಯಿಂದ. ಇಬ್ಬರು ಹೇಳುವುದೂ ಖರೆ. ಆ ಒಂದು ನಂಬರ್ ಬದಲಿಸಿದ್ದರಿಂದ ಬೇರೆ ಏನು ಕೆಟ್ಟಿತು ಅಂತ ನೋಡುವ ವ್ಯವಸ್ಥೆ ಇರಲಿಲ್ಲ, ಅಷ್ಟೇ.

ಆ ವ್ಯವಸ್ಥೆಯನ್ನು ಖರ್ಚಿಲ್ಲದೆ ಕೂಡಿಸಬಹುದು. ಅದಕ್ಕೆ ಬೇಕಾದ್ದು ಮೂರು: ಯಾರು ಯಾವಾಗ ಏನು ಬದಲಿಸಿದರು ಎಂಬ ದಾಖಲೆ, ಲೆಕ್ಕ ಸರಿಯೋ ಅಂತ ನೋಡುವ ಟೆಸ್ಟ್, ಆ ಟೆಸ್ಟನ್ನು ಮರೆಯದೆ ಪ್ರತಿ ಸಲ ಓಡಿಸುವ ಯಂತ್ರ. ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇರಲಿ, ನಗರದ ಹಳಕಟ್ಟಿಯವರ ಹೆಸರಿನ ಎಂಜಿನಿಯರಿಂಗ್ ಕಾಲೇಜು ಇರಲಿ, ಕಂಪ್ಯೂಟರ್ ಓದುವ ಯಾರಿಗಾದರೂ ಒಂದು ಮಧ್ಯಾಹ್ನದ ಕೆಲಸ ಇದು. ಅಂಗಡಿಯವರು ಕೋಡ್ ಕಲಿಯಬೇಕಿಲ್ಲ, ಆದರೆ ಏನು ಕೇಳಿ ಮಾಡಿಸಿಕೊಳ್ಳಬೇಕು ಅಂತ ಗೊತ್ತಿರಬೇಕು.

ಗಿಟ್ ಅಂದರೆ ಕೋಡಿನ ಕಿರ್ದಿ

ಕಿರ್ದಿ ಪುಸ್ತಕದಲ್ಲಿ ಬರೆದದ್ದನ್ನು ಯಾರೂ ರಬ್ಬರ್ ಹಚ್ಚಿ ಅಳಿಸುವುದಿಲ್ಲ. ತಪ್ಪಾದರೆ ಗೆರೆ ಹೊಡೆದು ಕೆಳಗೆ ಸರಿಯಾದದ್ದು ಬರೆಯುತ್ತಾರೆ. ಗಿಟ್ ಕೋಡಿಗೆ ಮಾಡುವುದು ಇದನ್ನೇ. ಪ್ರತಿ ಬದಲಾವಣೆಗೆ ಬರೆದವರ ಹೆಸರು, ದಿನಾಂಕ, ಕಾರಣದ ಒಂದು ಸಾಲು ಸೇರಿ ‘ಕಮಿಟ್’ ಎಂಬ ನಮೂದು ಆಗುತ್ತದೆ. ಹಳೆಯದು ಅಳಿಯುವುದಿಲ್ಲ, ಬೇಕಾದಾಗ ಯಾವ ತಾರೀಖಿನ ಸ್ಥಿತಿಗೂ ಹೋಗಿ ನೋಡಬಹುದು.

ಲಿನಕ್ಸ್ ಬರೆದ ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಇದನ್ನು ಶುರು ಮಾಡಿದರು. ಅಲ್ಲಿಯವರೆಗೆ ಲಿನಕ್ಸ್ ತಂಡ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಸಾಧನ ಪುಕ್ಕಟೆ ಸಿಗುವುದು ನಿಂತಿತ್ತು. ಅದೇ ಜುಲೈನಿಂದ ಗಿಟ್‌ನ ಉಸ್ತುವಾರಿ ಜುನಿಯೊ ಹಮಾನೊ ಅವರದು. ನಮ್ಮ ಕಡೆಯವರಿಗೆ ಇದರ ದೊಡ್ಡ ಅನುಕೂಲ ಒಂದಿದೆ: ನೆಟ್ ಇಲ್ಲದಿದ್ದರೂ ಗಿಟ್ ನಡೆಯುತ್ತದೆ. ಪೂರ್ತಿ ಇತಿಹಾಸ ಅದೇ ಕಂಪ್ಯೂಟರಿನಲ್ಲಿ ಇರುತ್ತದೆ, ನೆಟ್ ಬಂದಾಗ ಕಳಿಸಿದರಾಯಿತು.

ಇದಿಲ್ಲದೆ ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಪೆನ್‌ಡ್ರೈವಿನಲ್ಲಿ ‘ಬಿಲ್ ಫೈನಲ್’, ‘ಬಿಲ್ ಫೈನಲ್ ಹೊಸದು’, ‘ಬಿಲ್ ಫೈನಲ್ ಖರೇನ ಫೈನಲ್’ ಅಂತ ನಾಲ್ಕಾರು ಫೋಲ್ಡರ್ ಸೇರುತ್ತವೆ. ಅಂಗಡಿಯಲ್ಲಿ ನಡೆಯುತ್ತಿರುವುದು ಯಾವುದು ಅಂತ ಬರೆದವನಿಗೂ ಹೇಳಲಾಗದು. ವಿಜಯಪುರದವರಿಗೆ ಈ ತೊಂದರೆ ಹೊಸದಲ್ಲ. ಇದೇ ಊರಿನಲ್ಲಿ ಕೂತು ಫ.ಗು. ಹಳಕಟ್ಟಿಯವರು ವಚನಗಳ ಓಲೆಗರಿ, ಕೈಬರಹ ಕೂಡಿಹಾಕಿದರು, 1923ರಲ್ಲಿ ‘ವಚನ ಶಾಸ್ತ್ರ ಸಾರ’ ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ಕೈಯಿಂದ ಕೈಗೆ ನಕಲಾದ ಪ್ರತಿಗಳಲ್ಲಿ ಪದ ಬದಲಾಗಿರುತ್ತದೆ. ನಕಲು ಮಾಡಿದವರು ಎಲ್ಲಿ, ಯಾಕೆ ಬದಲಿಸಿದೆ ಅಂತ ಬರೆದಿಟ್ಟಿರುವುದಿಲ್ಲ. ಕಮಿಟ್ ಸಂದೇಶದಲ್ಲಿ ಸುಮ್ಮನೆ ‘ಅಪ್‌ಡೇಟ್’ ಅಂತ ಬರೆಯುವ ಹುಡುಗರೂ ಮಾಡುವುದು ಇದನ್ನೇ. ‘ಡ್ರಿಪ್ ಸೆಟ್ ದರ 12ರಿಂದ 5, 22-9-2025ರಿಂದ, ಹಳೆ ಬಿಲ್‌ಗೆ ಹಳೆ ದರವೇ’ ಅಂತ ಬರೆದರೆ ಎರಡು ವರ್ಷದ ನಂತರ ಬಂದವರಿಗೂ ತಿಳಿಯುತ್ತದೆ.

ಟ್ಯಾಲಿ ಬಳಸುವವರು ‘ಎಡಿಟ್ ಲಾಗ್’ ಕೇಳಿರುತ್ತಾರೆ. 2023ರ ಏಪ್ರಿಲ್ 1ರಿಂದ ಕಂಪನಿ ಕಾಯ್ದೆಯಡಿ ನೋಂದಾದ ಕಂಪನಿಗಳು ಲೆಕ್ಕ ಇಡುವ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಲೇಬೇಕು, ಅದನ್ನು ಆಫ್ ಮಾಡುವಂತಿಲ್ಲ. ಒಬ್ಬರ ಮಾಲೀಕತ್ವದ ಅಂಗಡಿಗೆ ಈ ನಿಯಮ ಇಲ್ಲ. ಆದರೆ ರೈತರು ಸೇರಿ ಮಾಡಿಕೊಂಡ ಉತ್ಪಾದಕ ಕಂಪನಿಗೆ ಉಂಟು, ಅದೂ ಕಂಪನಿಯೇ. ಇಲ್ಲಿ ಒಂದು ಗೊಂದಲ ಆಗಬಾರದು. ಎಡಿಟ್ ಲಾಗ್ ಹಿಡಿಯುವುದು ವೋಚರಿನ ಬದಲಾವಣೆಯನ್ನು, ಗಿಟ್ ಹಿಡಿಯುವುದು ಪ್ರೋಗ್ರಾಮಿನ ಬದಲಾವಣೆಯನ್ನು. ಗಿಟ್ ಇದೆ ಅಂದ ಮಾತ್ರಕ್ಕೆ ಲೆಕ್ಕದ ಲಾಗ್ ಆಯಿತು ಅಂತಲ್ಲ.

ಕೂಡಿಸುವ ಕ್ರಮ

ಮುಂದಿನ ಉದಾಹರಣೆಗೆ ತಿಕೋಟಾದಲ್ಲಿ ಡ್ರಿಪ್, ಸಿಮೆಂಟ್, ಒಣದ್ರಾಕ್ಷಿ ಮೂರನ್ನೂ ಮಾರುವ ಒಂದು ಅಂಗಡಿ ಅಂತ ಇಟ್ಟುಕೊಳ್ಳೋಣ. ಪ್ರೋಗ್ರಾಂ ಪೈಥಾನ್ ಭಾಷೆಯಲ್ಲಿದೆ. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದೆ, ಕಂಪ್ಯೂಟರಿನಲ್ಲಿ ಇಂಗ್ಲಿಷ್ ಸಣ್ಣ ಅಕ್ಷರದಲ್ಲೇ ಹೊಡೆಯಬೇಕು.

ಗಿಟ್ ಮತ್ತು ಪೈಥಾನ್ ಎರಡನ್ನೂ ಅವುಗಳ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಬೇಕು. ಎರಡೂ ಪುಕ್ಕಟೆ. ಪ್ರೋಗ್ರಾಂ ಇರುವ ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು ‘ಗಿಟ್ ಇನಿಟ್’ ಎಂದರೆ ಕಿರ್ದಿ ಪುಸ್ತಕ ತೆರೆದಂತೆ. ಹೆಸರು ಮತ್ತು ಇಮೇಲ್ ಅನ್ನು ‘ಗಿಟ್ ಕಾನ್ಫಿಗ್’ ಮೂಲಕ ಒಮ್ಮೆ ಕೊಡಬೇಕು, ಇಲ್ಲದಿದ್ದರೆ ನಮೂದಿನಲ್ಲಿ ಯಾರ ಹೆಸರು ಬೀಳಬೇಕು ಅಂತ ಅದಕ್ಕೆ ಗೊತ್ತಾಗದು.

ಮೊದಲ ಕಮಿಟ್‌ಗೆ ಮುಂಚೆ ಮಾಡಲೇಬೇಕಾದ ಕೆಲಸ ಒಂದಿದೆ. ‘ಚುಕ್ಕೆ ಗಿಟ್‌ಇಗ್ನೋರ್’ ಹೆಸರಿನ ಒಂದು ಫೈಲ್ ಮಾಡಿ, ಕಿರ್ದಿಗೆ ಹೋಗಬಾರದ್ದನ್ನೆಲ್ಲ ಅದರಲ್ಲಿ ಬರೆಯಬೇಕು. ಗಿರಾಕಿಗಳ ಉದ್ರಿ ಪಟ್ಟಿ, ಮೊಬೈಲ್ ನಂಬರ್ ಇರುವ ಎಕ್ಸೆಲ್, ಬಿಲ್‌ಗಳ ಡೇಟಾಬೇಸ್, ಇ-ವೇ ಬಿಲ್ ಪಾಸ್‌ವರ್ಡ್ ಇರುವ ಫೈಲ್. ಗಿಟ್ ಏನನ್ನೂ ಮರೆಯುವುದಿಲ್ಲ ಅನ್ನುವುದೇ ಇಲ್ಲಿ ಅಪಾಯ. ಪಾಸ್‌ವರ್ಡ್ ಒಮ್ಮೆ ಒಳಗೆ ಹೋಯಿತೆಂದರೆ, ನಂತರ ಫೈಲಿನಿಂದ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಉಳಿದೇ ಇರುತ್ತದೆ. ಹಾಗಾದರೆ ಮೊದಲು ಆ ಪಾಸ್‌ವರ್ಡನ್ನೇ ಬದಲಿಸಬೇಕು, ಕಮಿಟ್ ತಿದ್ದುವ ಕೆಲಸ ಆಮೇಲೆ.

ನಂತರ ‘ಗಿಟ್ ಆ್ಯಡ್’, ‘ಗಿಟ್ ಕಮಿಟ್’. ಇಂದು ಅಂಗಡಿಯಲ್ಲಿ ನಡೆಯುತ್ತಿರುವ ಪ್ರತಿಯನ್ನೇ, ಅದರಲ್ಲಿ ತಪ್ಪು ಇದ್ದರೂ ಇದ್ದಂತೆಯೇ, ಮೊದಲ ನಮೂದಾಗಿ ಹಾಕಬೇಕು. ಮೊದಲು ಚೊಕ್ಕ ಮಾಡಿ ಆಮೇಲೆ ಹಾಕೋಣ ಅಂದರೆ ಹಳೆಯದಕ್ಕೂ ಹೊಸದಕ್ಕೂ ಏನು ವ್ಯತ್ಯಾಸ ಅಂತ ಎಂದೂ ಗೊತ್ತಾಗುವುದಿಲ್ಲ.

ಸಾಧನಗಳನ್ನು ಈ ಪ್ರಾಜೆಕ್ಟಿಗೇ ಬೇರೆಯಾಗಿ ಇಟ್ಟುಕೊಳ್ಳಲು ಪೈಥಾನಿನ ‘ವೆನ್ವ್’ ಇದೆ. ಅದರೊಳಗೆ ಪೈಟೆಸ್ಟ್, ರಫ್, ಪ್ರಿ-ಕಮಿಟ್ ಈ ಮೂರನ್ನು ‘ಪಿಪ್’ ಮೂಲಕ ಹಾಕಬೇಕು. ಯಾವ ಆವೃತ್ತಿ ಹಾಕಿದ್ದು ಅಂತ ಒಂದು ಫೈಲಿನಲ್ಲಿ ಬರೆದು ಅದನ್ನೂ ಕಮಿಟ್ ಮಾಡಬೇಕು. ಮುಂದಿನವರು ಅದೇ ಪಟ್ಟಿ ನೋಡಿ ತಮ್ಮ ಲ್ಯಾಪ್‌ಟಾಪಿನಲ್ಲಿ ಅದನ್ನೇ ಹಾಕಿಕೊಳ್ಳುತ್ತಾರೆ.

ಟೆಸ್ಟ್: ಅಂಗಡಿಯವರ ತಲೆಯಲ್ಲಿರೋ ನಿಯಮ ಕೋಡಿನಲ್ಲಿ

ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಸಮಯ ಕೊಡಬೇಕಾದ್ದು ಇಲ್ಲಿ. ಟೆಸ್ಟ್ ಅಂದರೆ ಉತ್ತರ ಮೊದಲೇ ಗೊತ್ತಿರುವ ಲೆಕ್ಕ. ಪ್ರೋಗ್ರಾಮಿಗೆ ಆ ಲೆಕ್ಕ ಕೊಟ್ಟು, ಬಂದ ಉತ್ತರ ಹೊಂದುತ್ತದೋ ಇಲ್ಲವೋ ಅಂತ ಇನ್ನೊಂದು ಸಣ್ಣ ಪ್ರೋಗ್ರಾಂ ನೋಡುತ್ತದೆ. ಉತ್ತರ ಏನು ಅಂತ ಹೇಳಬೇಕಾದವರು ಅಂಗಡಿಯವರು ಮತ್ತು ಅವರ ತೆರಿಗೆ ಸಲಹೆಗಾರರು. ವಿದ್ಯಾರ್ಥಿ ಅದನ್ನು ಬರೆಯಬೇಕು, ಊಹಿಸಬಾರದು.

ಮೊದಲ ಟೆಸ್ಟ್, ದರ ಬದಲಾದ ದಿನದ್ದು. ತುಂಬ ಜನ ಮಾಡುವ ತಪ್ಪು ಅಂದರೆ ಕೋಡಿನಲ್ಲಿ 12 ಇದ್ದ ಕಡೆ 5 ಬರೆದುಬಿಡುವುದು. ಹೊಸ ಬಿಲ್ ಸರಿಯಾಗಿಯೇ ಬರುತ್ತವೆ. ಆದರೆ ಸೆಪ್ಟೆಂಬರ್ 10ರಂದು ಸಾಮಾನು ಕೊಟ್ಟು ಬಿಲ್ಲೂ ಹೊಡೆದ 40,000 ರೂಪಾಯಿಯ ಡ್ರಿಪ್ ಸೆಟ್ಟಿನಲ್ಲಿ 10,000 ರೂಪಾಯಿಯ ಮಾಲನ್ನು ರೈತ ಅಕ್ಟೋಬರಿನಲ್ಲಿ ವಾಪಸ್ ತಂದ ಅಂತ ತಿಳಿಯಿರಿ. ಅವತ್ತು ಅವನು ಕೊಟ್ಟ ತೆರಿಗೆ 12 ಪರ್ಸೆಂಟ್, ಹಾಗಾಗಿ ಕ್ರೆಡಿಟ್ ನೋಟಿನಲ್ಲಿ 1,200 ರೂಪಾಯಿ ತೆರಿಗೆ ವಾಪಸ್ ಆಗಬೇಕು. 5 ಬರೆದ ಪ್ರೋಗ್ರಾಂ 500 ತೋರಿಸುತ್ತದೆ. ರೈತನ 700 ರೂಪಾಯಿ ಹೋಯಿತು, ಯಾರೂ ಮೋಸ ಮಾಡದೆ. ಮೇಲೆ ಅಂಗಡಿಯ ಜಿಎಸ್‌ಟಿ ರಿಟರ್ನಿನ ಲೆಕ್ಕವೂ ಕೂಡುವುದಿಲ್ಲ.

ಇದಕ್ಕೆ ಉಪಾಯ, ದರವನ್ನು ಕೋಡಿನ ನಡುವೆ ಬರೆಯದೆ ಒಂದು ಕೋಷ್ಟಕದಲ್ಲಿ ‘ಯಾವ ಸಾಮಾನು, ಯಾವ ತಾರೀಖಿನಿಂದ, ಎಷ್ಟು’ ಅಂತ ಇಡುವುದು. ಟೆಸ್ಟ್ ಹೀಗೆ ಕೇಳಬೇಕು: 21-9-2025ರ ಡ್ರಿಪ್ ಬಿಲ್, ಉತ್ತರ 12. 22-9-2025ರದ್ದು, ಉತ್ತರ 5. ಸಿಮೆಂಟಿಗೆ ಅದೇ ಎರಡು ದಿನಕ್ಕೆ 28 ಮತ್ತು 18. ಪಿವಿಸಿ ಪೈಪಿಗೆ ಎರಡೂ ದಿನ 18. ಬದಲಾಗದ ಸಾಮಾನಿಗೂ ಟೆಸ್ಟ್ ಯಾಕೆ ಅಂದರೆ, ಡ್ರಿಪ್ ಬದಲಿಸುವ ಗಡಿಬಿಡಿಯಲ್ಲಿ ಪೈಪಿನ ದರವೂ ಬದಲಾಗಿಬಿಟ್ಟಿದ್ದರೆ ಸಿಕ್ಕಿಬೀಳುವುದು ಅದರಿಂದಲೇ.

ಎರಡನೆಯದು ಒಣದ್ರಾಕ್ಷಿ. ಇದು ನಮ್ಮ ಭಾಗದ್ದೇ ಪ್ರಶ್ನೆ. 2024ರ ಡಿಸೆಂಬರ್ 21ರಂದು ಜೈಸಲ್ಮೇರಿನಲ್ಲಿ ನಡೆದ 55ನೇ ಜಿಎಸ್‌ಟಿ ಮಂಡಳಿ ಸಭೆ, ಕೃಷಿಕರೇ ಮಾರುವ ಒಣದ್ರಾಕ್ಷಿಗೆ ಜಿಎಸ್‌ಟಿ ಇಲ್ಲ ಅಂತ ಸ್ಪಷ್ಟಪಡಿಸಿತು. ಅದೇ ಮಾಲನ್ನು ನೋಂದಾಯಿತ ವ್ಯಾಪಾರಿ ಮಾರಿದರೆ 5 ಪರ್ಸೆಂಟ್. ಹಾಗಾಗಿ ಪ್ರೋಗ್ರಾಮಿಗೆ ಸಾಮಾನಿನ ಹೆಸರು ಒಂದೇ ಸಾಲದು, ಮಾರುವವರು ಯಾರು ಅನ್ನುವುದೂ ಬೇಕು. ಟೆಸ್ಟ್: ಮಾರುವವರು ರೈತ, ಉತ್ತರ 0. ಮಾರುವವರು ವ್ಯಾಪಾರಿ, ಉತ್ತರ 5. ಮಾರುವವರು ಯಾರು ಅಂತ ನಮೂದಿಸಿಲ್ಲ, ಆಗ ಬಿಲ್ಲೇ ಆಗಬಾರದು, ತಪ್ಪು ಅಂತ ತೋರಿಸಬೇಕು. ಈ ಮೂರನೆಯದನ್ನೇ ಬಹಳ ಹುಡುಗರು ಬಿಡುವುದು. ಖಾಲಿ ಬಿಟ್ಟ ಕಡೆ ಪ್ರೋಗ್ರಾಂ ತನ್ನಷ್ಟಕ್ಕೆ ಸೊನ್ನೆ ಹಾಕಿಕೊಂಡರೆ ವರ್ಷದ ಕೊನೆಗೆ ಗೊತ್ತಾಗುತ್ತದೆ, ಅದೂ ನೋಟಿಸ್ ಬಂದ ಮೇಲೆ.

ಮೂರನೆಯದು ಪೈಸೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಕಲಂ ಪ್ರಕಾರ ಕಟ್ಟಬೇಕಾದ ತೆರಿಗೆಯಲ್ಲಿ 50 ಪೈಸೆ ಅಥವಾ ಹೆಚ್ಚು ಇದ್ದರೆ ಒಂದು ರೂಪಾಯಿ, ಕಡಿಮೆ ಇದ್ದರೆ ಬಿಡುವುದು. ಅಂಗಡಿಯವರ ರೂಢಿಯೂ ಅದೇ. ಪೈಥಾನಿನ ‘ರೌಂಡ್’ ಮಾತ್ರ ಹಾಗೆ ಮಾಡುವುದಿಲ್ಲ! ಸರಿಯಾಗಿ ಅರ್ಧ ಬಂದರೆ ಅದು ಹತ್ತಿರದ ಸಮ ಸಂಖ್ಯೆಗೆ ಹೋಗುತ್ತದೆ. 12,660 ರೂಪಾಯಿಯ ಒಣದ್ರಾಕ್ಷಿಗೆ ಕೇಂದ್ರದ ಪಾಲು 2.5 ಪರ್ಸೆಂಟ್ ಅಂದರೆ 316 ರೂಪಾಯಿ 50 ಪೈಸೆ. ರೂಢಿಯಂತೆ 317 ಆಗಬೇಕು, ಪೈಥಾನ್ 316 ಕೊಡುತ್ತದೆ. 12,700 ರೂಪಾಯಿ ಮಾಲಿಗೆ 317 ರೂಪಾಯಿ 50 ಪೈಸೆ, ಅದಕ್ಕೆ ಪೈಥಾನ್ ಸರಿಯಾಗಿಯೇ 318 ಕೊಡುತ್ತದೆ. ಒಮ್ಮೆ ಸರಿ, ಒಮ್ಮೆ ತಪ್ಪು. ಅದಕ್ಕೇ ನಾಲ್ಕು ಬಿಲ್ ಹೊಡೆದು ನೋಡಿ “ಸರಿ ಐತ್ರೀ” ಅಂದವರಿಗೆ ಇದು ಸಿಗುವುದೇ ಇಲ್ಲ. ರಾಜ್ಯದ ಪಾಲಿನಲ್ಲೂ ಅಷ್ಟೇ ಆಗುವುದರಿಂದ ಒಂದು ಬಿಲ್ಲಿಗೆ ಎರಡು ರೂಪಾಯಿ ಫರಕು. ದುಡ್ಡು ಸಣ್ಣದು, ಆದರೆ ಟ್ಯಾಲಿಯ ಮೊತ್ತಕ್ಕೂ ಪ್ರೋಗ್ರಾಮಿನ ಮೊತ್ತಕ್ಕೂ ತಾಳೆ ಆಗದೆ ತಿಂಗಳ ಕೊನೆಗೆ ಒಂದು ದಿನ ಪೂರ್ತಿ ಹಾಳಾಗುತ್ತದೆ.

ಪರಿಹಾರ ಪೈಥಾನಿನಲ್ಲೇ ಇದೆ. ಹಣದ ಲೆಕ್ಕಕ್ಕೆ ಸಾಮಾನ್ಯ ದಶಮಾಂಶ ಸಂಖ್ಯೆ ಬಿಟ್ಟು ‘ಡೆಸಿಮಲ್’ ಮಾಡ್ಯೂಲ್ ಬಳಸಬೇಕು, ಅದಕ್ಕೆ ‘ರೌಂಡ್ ಹಾಫ್ ಅಪ್’ ಅಂತ ಹೇಳಬೇಕು. ಬಿಲ್ಲಿನಲ್ಲಿ ಪೈಸೆ ಹಾಗೇ ಇಡುವ ಅಂಗಡಿಗಳೂ ಇವೆ. ಯಾವುದು ತಮ್ಮ ಪದ್ಧತಿ ಅಂತ ಅಂಗಡಿಯವರು ಮೊದಲೇ ಹೇಳಿ, ಅದನ್ನೇ ಟೆಸ್ಟಿನಲ್ಲಿ ಬರೆಸಬೇಕು.

ಇನ್ನೊಂದು ನಮ್ಮದೇ ತಾಪತ್ರಯ ಕನ್ನಡ ಅಕ್ಷರ. ವಿಂಡೋಸ್ ಕಂಪ್ಯೂಟರಿನಲ್ಲಿ ಪೈಥಾನ್ ಫೈಲ್ ತೆರೆಯುವಾಗ ‘ಯುಟಿಎಫ್-8’ ಅಂತ ಸ್ಪಷ್ಟವಾಗಿ ಹೇಳದಿದ್ದರೆ ಗಿರಾಕಿಯ ಕನ್ನಡ ಹೆಸರು ಗಿಜಿಗಿಜಿ ಅಕ್ಷರವಾಗಬಹುದು, ಇಲ್ಲವೇ ಪ್ರೋಗ್ರಾಂ ಅರ್ಧಕ್ಕೇ ನಿಲ್ಲಬಹುದು. ಹೆಸರುಗಳನ್ನು ಯುನಿಕೋಡ್‌ನಲ್ಲೇ ಬರೆದಿರಬೇಕು. ಹಳೆಯ ನುಡಿ ಫಾಂಟಿನಲ್ಲಿ ಹೊಡೆದದ್ದು ಬೇರೆ ಕಡೆ ಇಂಗ್ಲಿಷ್ ಚಿಹ್ನೆಗಳ ಸಂತೆಯಾಗಿ ಕಾಣುತ್ತದೆ. ‘ಶ್ರೀಶೈಲಪ್ಪ’ ಅಂಥ ಒತ್ತಕ್ಷರ ತುಂಬಿದ ಹೆಸರೊಂದನ್ನು ಬರೆದು, ಮತ್ತೆ ಓದಿಸಿ, ಅದೇ ಬಂತೋ ನೋಡುವ ಟೆಸ್ಟ್ ಒಂದಿರಲಿ.

ತಾನಾಗಿ ನಡೆಯುವ ತಪಾಸಣೆ

ಟೆಸ್ಟ್ ಬರೆದಿಟ್ಟರೆ ಸಾಲದು, ಓಡಿಸಬೇಕು. ಗಿರಾಕಿ ಎದುರಿಗೆ ನಿಂತು ಬಿಲ್ ಕೇಳುತ್ತಿರುವಾಗ ಫೋನಿನಲ್ಲಿ ತಿದ್ದುವವರು ಟೆಸ್ಟ್ ಓಡಿಸುವುದಿಲ್ಲ. ಅದಕ್ಕೆ ಎರಡು ಕಡೆ ಕಾವಲು ಹಾಕುತ್ತಾರೆ.

ಮೊದಲ ಕಾವಲು ಬರೆಯುವವರ ಲ್ಯಾಪ್‌ಟಾಪಿನಲ್ಲೇ. ಪ್ರಿ-ಕಮಿಟ್ ಎಂಬ ಸಾಧನವನ್ನು ಒಮ್ಮೆ ಕೂಡಿಸಿದರೆ ಪ್ರತಿ ಕಮಿಟ್‌ಗೆ ಮುಂಚೆ ತಾನೇ ಎದ್ದು ನೋಡುತ್ತದೆ. ರಫ್ ಎಂಬ ಸಾಧನ ಕೋಡಿನಲ್ಲಿ ಬಳಸದೆ ಬಿಟ್ಟ ಹೆಸರು, ಇಲ್ಲದ ಹೆಸರನ್ನು ಕರೆದದ್ದು ಇಂಥವನ್ನು ಹಿಡಿಯುತ್ತದೆ, ಸಾಲುಗಳ ಅಂತರವನ್ನೂ ಒಂದೇ ಥರ ಮಾಡುತ್ತದೆ. ತುಂಬ ದೊಡ್ಡ ಫೈಲ್ ಸೇರಿಸಲು ಹೋದರೆ, ಖಾಸಗಿ ಕೀಲಿ ಇರುವ ಫೈಲ್ ಸೇರಿಸಲು ಹೋದರೆ ತಡೆಯುವ ಹುಕ್‌ಗಳೂ ಸಿಗುತ್ತವೆ. ಒಂದು ಮಾತು ತಿಳಿದಿರಲಿ: ರಫ್ ವ್ಯಾಕರಣ ನೋಡುತ್ತದೆಯೇ ಹೊರತು ಅರ್ಥ ನೋಡುವುದಿಲ್ಲ. 12ರ ಬದಲು 5 ಬರೆದದ್ದು ಅದಕ್ಕೆ ಚೊಕ್ಕ ಕೋಡೇ. ಅದನ್ನು ಹಿಡಿಯುವುದು ಟೆಸ್ಟ್ ಮಾತ್ರ.

ಮೊದಲ ಕಾವಲನ್ನು ದಾಟುವುದು ಸುಲಭ. ಕಮಿಟ್ ಮಾಡುವಾಗ ‘ನೋ ವೆರಿಫೈ’ ಅಂದರೆ ಮುಗಿಯಿತು. ಹಾಗಾಗಿ ಎರಡನೆಯದು ಬೇರೆಯವರ ಯಂತ್ರದಲ್ಲಿ ಇರಬೇಕು. ಗಿಟ್‌ಹಬ್ ಎಂಬುದು ಗಿಟ್ ಕಿರ್ದಿಯ ಒಂದು ಪ್ರತಿಯನ್ನು ನೆಟ್‌ನಲ್ಲಿ ಇಡುವ ಜಾಗ. 2008ರಲ್ಲಿ ಶುರುವಾಯಿತು, 2018ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. ಗಿಟ್‌ಲ್ಯಾಬ್ ಅಂತ ಇನ್ನೊಂದಿದೆ, ಕೆಲಸ ಹೆಚ್ಚುಕಡಿಮೆ ಅದೇ. ಅಂಗಡಿಯ ಪ್ರೋಗ್ರಾಂ ಆದರೆ ‘ಪ್ರೈವೇಟ್’ ರೆಪೊ ಅಂತಲೇ ಆರಿಸಬೇಕು. ಅದಕ್ಕೂ ದುಡ್ಡಿಲ್ಲ, ಎಷ್ಟು ಜನರನ್ನು ಬೇಕಾದರೂ ಸೇರಿಸಬಹುದು.

ಗಿಟ್‌ಹಬ್‌ನಲ್ಲಿ ‘ಆ್ಯಕ್ಷನ್ಸ್’ ಎಂಬ ಸೌಲಭ್ಯ 2019ರ ನವೆಂಬರ್‌ನಿಂದ ಎಲ್ಲರಿಗೂ ಸಿಗುತ್ತಿದೆ. ಪ್ರಾಜೆಕ್ಟಿನೊಳಗೆ ‘ಚುಕ್ಕೆ ಗಿಟ್‌ಹಬ್’, ಅದರೊಳಗೆ ‘ವರ್ಕ್‌ಫ್ಲೋಸ್’ ಎಂಬ ಫೋಲ್ಡರ್ ಮಾಡಿ ಒಂದು ಯಾಮಲ್ ಫೈಲ್ ಇಡಬೇಕು. ಅದರಲ್ಲಿ ಬರೆಯುವುದು ಇಷ್ಟೇ: ಯಾರಾದರೂ ಕೋಡ್ ಕಳಿಸಿದ ಕೂಡಲೇ ಒಂದು ಹೊಸ ಯಂತ್ರ ತೆಗೆದುಕೋ, ಕೋಡ್ ಇಳಿಸಿಕೋ, ಪೈಥಾನ್ ಹಾಕು, ಪಟ್ಟಿಯಲ್ಲಿರುವ ಸಾಧನ ಹಾಕು, ರಫ್ ಓಡಿಸು, ಪೈಟೆಸ್ಟ್ ಓಡಿಸು. ಎಲ್ಲ ಸರಿ ಇದ್ದರೆ ಹಸಿರು ಗುರುತು, ಒಂದು ಕೆಟ್ಟರೂ ಕೆಂಪು. ಯಾಮಲ್ ಫೈಲಿನಲ್ಲಿ ಸಾಲಿನ ಮುಂದಿನ ಖಾಲಿ ಜಾಗಕ್ಕೂ ಅರ್ಥ ಇದೆ. ಟ್ಯಾಬ್ ಒತ್ತದೆ ಸ್ಪೇಸ್ ಮಾತ್ರ ಬಳಸಬೇಕು. ಮೊದಲ ದಿನ ಕೆಂಪು ಬಂದರೆ ಹತ್ತರಲ್ಲಿ ಎಂಟು ಸಲ ಕಾರಣ ಇದೇ ಅಂದುಕೊಂಡು ಅಲ್ಲಿಂದಲೇ ಹುಡುಕುವುದು ಒಳ್ಳೆಯದು.

ಪುಕ್ಕಟೆ ಖಾತೆಯ ಪ್ರೈವೇಟ್ ರೆಪೊಗೆ ತಿಂಗಳಿಗೆ 2,000 ನಿಮಿಷ ಸಿಗುತ್ತದೆ. ಇಂಥ ಸಣ್ಣ ಪ್ರಾಜೆಕ್ಟಿಗೆ ಒಂದು ಸಲಕ್ಕೆ ಒಂದೆರಡು ನಿಮಿಷ ಸಾಕಾಗುವುದರಿಂದ ಅದು ತೀರುವುದು ಕಷ್ಟ. ಸಾಮಾನ್ಯವಾಗಿ ಉಬುಂಟು ಯಂತ್ರ ಆರಿಸುತ್ತಾರೆ. ಆದರೆ ಅಂಗಡಿಯಲ್ಲಿರುವುದು ವಿಂಡೋಸ್. ಫೈಲ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ವ್ಯತ್ಯಾಸ ವಿಂಡೋಸ್‌ಗೆ ನಡೆಯುತ್ತದೆ, ಉಬುಂಟುಗೆ ನಡೆಯುವುದಿಲ್ಲ. ಮೇಲೆ ಹೇಳಿದ ಕನ್ನಡ ಅಕ್ಷರದ ತೊಂದರೆ ತಿರುಗಾಮುರುಗಾ, ವಿಂಡೋಸ್‌ನಲ್ಲಿ ಮಾತ್ರ ಕಾಣುತ್ತದೆ. ನಿಮಿಷ ಬೇಗ ಖರ್ಚಾದರೂ ವಿಂಡೋಸ್ ಯಂತ್ರದಲ್ಲೂ ಓಡಿಸುವುದೇ ಲೇಸು.

ಒಂದು ಮಿತಿ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಕೆಂಪು ಇದ್ದಾಗ ಮುಖ್ಯ ಪ್ರತಿಗೆ ಸೇರಿಸಲು ಬಿಡದ ‘ಬ್ರಾಂಚ್ ಪ್ರೊಟೆಕ್ಷನ್’ ಪುಕ್ಕಟೆ ಖಾತೆಯ ಪ್ರೈವೇಟ್ ರೆಪೊಗೆ ಸಿಗುವುದಿಲ್ಲ. ಗುರುತು ಕೆಂಪು ಬರುತ್ತದೆ, ಆದರೆ ಬಾಗಿಲು ಹಾಕುವುದಿಲ್ಲ. ವಿದ್ಯಾರ್ಥಿಗಳು ಗಿಟ್‌ಹಬ್‌ನ ಸ್ಟೂಡೆಂಟ್ ಪ್ಯಾಕ್‌ಗೆ ಅರ್ಜಿ ಹಾಕಿದರೆ ಓದುವವರೆಗೆ ಈ ಸೌಲಭ್ಯ ಸಿಗುತ್ತದೆ. ಉಳಿದವರು ಕೆಂಪು ಇದ್ದಾಗ ಅಂಗಡಿಯ ಕಂಪ್ಯೂಟರಿಗೆ ಹೊಸ ಪ್ರತಿ ಹಾಕುವುದಿಲ್ಲ ಅಂತ ತಾವೇ ಗೆರೆ ಹಾಕಿಕೊಳ್ಳಬೇಕು.

ದರ ಬದಲಾದ ದಿನ ಕೆಲಸ ಹೇಗೆ ನಡೆಯುತ್ತದೆ

ಈಗ ಸೆಪ್ಟೆಂಬರ್ 22ರಂಥ ದಿನ ಮತ್ತೆ ಬಂತು ಅನ್ನಿ. ಬರೆದವಳು ಪುಣೆಯಲ್ಲಿದ್ದಾಳೆ, ಈಗ ನೋಡಿಕೊಳ್ಳುವವನು ಊರಲ್ಲಿರುವ ಅವಳ ತಮ್ಮ. ಅವನು ‘ಗಿಟ್ ಪುಲ್’ ಮಾಡಿ ಇತ್ತೀಚಿನ ಪ್ರತಿ ತೆಗೆದುಕೊಳ್ಳುತ್ತಾನೆ. ಒಂದು ಬ್ರಾಂಚ್ ಮಾಡುತ್ತಾನೆ. ಬ್ರಾಂಚ್ ಅಂದರೆ ಮುಖ್ಯ ಕಿರ್ದಿ ಮುಟ್ಟದೆ ಪಕ್ಕದ ಹಾಳೆಯಲ್ಲಿ ಲೆಕ್ಕ ಹಾಕಿ ನೋಡಿದಂತೆ. ಮೊದಲು ಹೊಸ ತಾರೀಖಿನ ಟೆಸ್ಟ್ ಬರೆಯುತ್ತಾನೆ, ಅದು ಕೆಂಪಾಗುತ್ತದೆ. ಆಮೇಲೆ ಕೋಷ್ಟಕದಲ್ಲಿ ಹೊಸ ಸಾಲು ಸೇರಿಸುತ್ತಾನೆ, ಹಳೆಯ ಸಾಲು ಮುಟ್ಟುವುದಿಲ್ಲ. ಹೊಸ ಟೆಸ್ಟ್, ಹಳೆಯ ಟೆಸ್ಟ್ ಎಲ್ಲವೂ ಹಸಿರಾದರೆ ಕಳಿಸಿ ‘ಪುಲ್ ರಿಕ್ವೆಸ್ಟ್’ ಹಾಕುತ್ತಾನೆ. ಅಕ್ಕ ಪುಣೆಯಲ್ಲಿ ಊಟದ ಬಿಡುವಿನಲ್ಲಿ ಮೊಬೈಲಿನಲ್ಲೇ ಬದಲಾದ ನಾಲ್ಕು ಸಾಲು ನೋಡಿ ಒಪ್ಪಿಗೆ ಕೊಡುತ್ತಾಳೆ. ಅಂಗಡಿಯವರಿಗೆ ಎರಡು ಸ್ಯಾಂಪಲ್ ಬಿಲ್ ತೋರಿಸಿ ಹೊಸ ಪ್ರತಿ ಹಾಕಿದರಾಯಿತು.

ಆದರೂ ತಪ್ಪು ಆಗಬಹುದು. ಆಗ ‘ಗಿಟ್ ರಿವರ್ಟ್’ ಒಂದು ಹೊಸ ನಮೂದಿನ ಮೂಲಕ ಆ ಬದಲಾವಣೆಯನ್ನು ವಾಪಸ್ ಮಾಡುತ್ತದೆ, ತಪ್ಪು ಮಾಡಿದ್ದೂ ತಿದ್ದಿದ್ದೂ ಎರಡೂ ಕಿರ್ದಿಯಲ್ಲಿ ಉಳಿಯುತ್ತವೆ. ಯಾವಾಗ ಕೆಟ್ಟಿತು ಅಂತಲೇ ಗೊತ್ತಿಲ್ಲದಿದ್ದರೆ ‘ಗಿಟ್ ಬೈಸೆಕ್ಟ್’ ಇದೆ. ನಡುವಿನ ಪ್ರತಿ ತೆಗೆದು ಸರಿಯೋ ತಪ್ಪೋ ಕೇಳುತ್ತ ಅರ್ಧರ್ಧ ಮಾಡುತ್ತ ಹೋಗುತ್ತದೆ. 64 ಕಮಿಟ್ ಇದ್ದರೂ ಆರು ಸಲ ನೋಡಿದರೆ ತಪ್ಪು ಹೊಕ್ಕ ದಿನ ಸಿಗುತ್ತದೆ.

ಇದೆಲ್ಲ ಹೇಗಿರುತ್ತದೆ ಅಂತ ಕಣ್ಣಾರೆ ನೋಡಬೇಕೆಂದರೆ ಕನ್ನಡದ್ದೇ ಒಂದು ಪ್ರಾಜೆಕ್ಟ್ ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಸಿದ್ಧಪಡಿಸಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿರುವ ಅದನ್ನು ಕೈಲಾಶ್ ನಾಧ್ ಅವರು 2019ರಲ್ಲಿ ನೆಟ್‌ಗೆ ತಂದರು. ನಿಘಂಟಿನ ಪೂರ್ತಿ ದತ್ತಾಂಶ ಮುಕ್ತ ಪರವಾನಗಿಯಲ್ಲಿ ಗಿಟ್‌ಹಬ್‌ನಲ್ಲಿ ಯಾಮಲ್ ಫೈಲಾಗಿ ಇದೆ. ಖಾತೆ ಇಲ್ಲದವರೂ ತೆರೆದು ಕಮಿಟ್‌ಗಳ ಪಟ್ಟಿ ನೋಡಬಹುದು.

ಅಂಗಡಿಯವರು ಕೇಳಿ ಪಡೆಯಬೇಕಾದ್ದು

ಗಿಟ್‌ಹಬ್ ಖಾತೆ ಯಾರ ಹೆಸರಲ್ಲಿದೆ ಅನ್ನುವುದು ಮೊದಲ ಪ್ರಶ್ನೆ. ಹುಡುಗನ ಸ್ವಂತ ಖಾತೆಯಲ್ಲಿ ಇದ್ದರೆ ಅವನು ಹೋದಾಗ ಅದೂ ಹೋಯಿತು. ಅಂಗಡಿಯ ಇಮೇಲ್‌ನಿಂದ ಖಾತೆ ತೆರೆದು, ಬರೆಯುವವರನ್ನು ಅದಕ್ಕೆ ಸೇರಿಸುವುದು ಸರಿ ದಾರಿ. ಕಾಲೇಜಿನ ಪ್ರಾಜೆಕ್ಟ್ ಅಂತ ಮಾಡಿಕೊಡುವವರಿದ್ದರೆ ಕೋಡನ್ನು ಇಬ್ಬರೂ ಬಳಸಬಹುದು ಅಂತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಸಂಬಂಧಿಕರಾದರೂ ಸರಿ, ಸಂಬಂಧಿಕರಾದರೆ ಇನ್ನೂ ಸರಿ.

ರೆಪೊ ಒಳಗೆ ‘ರೀಡ್‌ಮಿ’ ಎಂಬ ಫೈಲ್ ಇರಲಿ, ಕನ್ನಡದಲ್ಲೇ ಇರಲಿ. ಹೊಸ ಕಂಪ್ಯೂಟರಿನಲ್ಲಿ ಇದನ್ನು ಹೇಗೆ ಕೂಡಿಸುವುದು, ದರದ ಕೋಷ್ಟಕ ಎಲ್ಲಿದೆ, ಪ್ರಿಂಟರ್ ಯಾವುದು ಅಂತ. ಬರೆದವರು ಊರು ಬಿಡುವ ಮುಂಚೆ ಇನ್ನೊಬ್ಬರನ್ನು ಕೂರಿಸಿ, ಆ ಫೈಲ್ ಒಂದನ್ನೇ ನೋಡಿಕೊಂಡು ಬೇರೆ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ನಡೆಸಿ ತೋರಿಸಲು ಹೇಳಬೇಕು. ನಡೆದರೆ ಹಸ್ತಾಂತರ ಆಯಿತು ಅಂತ ಲೆಕ್ಕ.

ಬಿಲ್‌ಗಳ ಡೇಟಾ ಬ್ಯಾಕಪ್ ಇದರಲ್ಲಿ ಸೇರಿಲ್ಲ. ಗಿಟ್ ಉಳಿಸುವುದು ಪ್ರೋಗ್ರಾಂ. ಹಾರ್ಡ್‌ಡಿಸ್ಕ್ ಸುಟ್ಟರೆ ಉದ್ರಿ ಪಟ್ಟಿ ಗಿಟ್‌ನಿಂದ ಬರುವುದಿಲ್ಲ. ಅದಕ್ಕೆ ದಿನದ ಕೊನೆಗೆ ಬೇರೆ ಡಿಸ್ಕಿಗೆ ಪ್ರತಿ ತೆಗೆಯುವ ರೂಢಿ ಬೇರೆಯೇ ಬೇಕು, ವಾರಕ್ಕೊಮ್ಮೆ ಆ ಡಿಸ್ಕ್ ಅಂಗಡಿಯಿಂದ ಮನೆಗೆ ಹೋಗಬೇಕು.

ಕೊನೆಗೆ ಒಂದು ಚಿಕ್ಕ ಕೆಲಸ. ಕೋಡ್ ಸೇರಿಸುವವರೆಲ್ಲರಿಗೂ ಗಿಟ್‌ಹಬ್ ಎರಡು ಹಂತದ ಲಾಗಿನ್ ಕೇಳುತ್ತದೆ. ಆ ಫೋನ್ ಕಳೆದರೆ ಖಾತೆ ತೆರೆಯಲು ‘ರಿಕವರಿ ಕೋಡ್’ಗಳು ನೆರವಾಗುತ್ತವೆ. ಖಾತೆ ತೆರೆದ ದಿನವೇ ಅವನ್ನು ಪ್ರಿಂಟ್ ತೆಗೆದು, ಜಿಎಸ್‌ಟಿ ನೋಂದಣಿ ಪತ್ರ ಇಟ್ಟ ತಿಜೋರಿಯಲ್ಲೇ ಇಡಬೇಕು.